ಮಂಗಳವಾರದ ಮತ, ಶನಿವಾರದ ಉತ್ತರ

2022ರ ನವೆಂಬರ್ 8ಕ್ಕೆ, ಇಲ್ಲಿ ಅಮೆರಿಕದಲ್ಲಿ ಮಿಡ್‌ಟರ್ಮ್ ಚುನಾವಣೆಯ ದಿನ ನಿಮ್ಮ ಮತಗಟ್ಟೆಯಲ್ಲಿ ಕಂಡದ್ದು, ನೀವು ಹಾಕಿದ ಲೆಕ್ಕಾಚಾರ, ಮನಸ್ಸಿಗೆ ಬಂದ ಅನುಮಾನ ಏನಿದ್ದರೂ ಬರೆದು ಕಳಿಸಿ ಎಂದು ಅಕ್ಟೋಬರ್ ಸಂಚಿಕೆಯಲ್ಲಿ ಕೇಳಿದ್ದೆ. ಇಷ್ಟು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. ಕೆಲವರು ಸಾಲಿನಲ್ಲಿ ನಿಂತುಕೊಂಡೇ ಫೋನಿನಲ್ಲಿ ಟೈಪ್ ಮಾಡಿ ಕಳಿಸಿದ್ದಾರೆ. ಕೆಲವರು ಫಲಿತಾಂಶ ಬಂದ ಮೇಲೆ, ತಾವು ಹೇಳಿದ್ದು ಯಾಕೆ ಸುಳ್ಳಾಯಿತು ಎಂದು ಎರಡನೇ ಪತ್ರ ಬರೆದಿದ್ದಾರೆ. ಆ ಎರಡನೇ ಪತ್ರಗಳನ್ನು ಓದುವಾಗ ನನಗೆ ತುಂಬ ಸಂತೋಷವಾಯಿತು.

ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟು: ಪೆನ್ಸಿಲ್ವೇನಿಯಾದ ಮಾಂಟ್‌ಗೊಮರಿ ಕೌಂಟಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಇದ್ದೇನೆ. 2009ರಲ್ಲಿ ಪೌರತ್ವ ತೆಗೆದುಕೊಂಡೆ. 2018ರಿಂದ ಪ್ರತಿ ಚುನಾವಣೆಯಲ್ಲೂ ನಮ್ಮ ಪ್ರಿಸಿಂಕ್ಟಿನ, ಅಂದರೆ ನಮ್ಮ ಮತ ವಲಯದ, ಮತಗಟ್ಟೆಯಲ್ಲಿ ಕ್ಲರ್ಕ್ ಆಗಿ ಕೂರುತ್ತೇನೆ. ನೀವು ಯಾರಿಗೆ ಹಾಕಿದಿರಿ ಎಂದು ನನ್ನನ್ನೇ ಕೇಳಿದ ಪತ್ರಗಳಿಗೆ ಇಲ್ಲಿ ಉತ್ತರ ಇಲ್ಲ. ಮೇಜಿನ ಈಚೆ ಕೂತವರು ಅದನ್ನು ಹೇಳಬಾರದು ಎಂದು ನಾನು ನಂಬಿಕೊಂಡು ಬಂದಿದ್ದೇನೆ.

ಪ್ರಶ್ನೆ: ಅಕ್ಕಾ, ಚುನಾವಣೆಯ ದಿನ ಬೆಳಗಿನ ಜಾವ ಚಂದ್ರಗ್ರಹಣ ಇತ್ತಲ್ಲ. ಚಂದ್ರ ಕೆಂಪಗಾದದ್ದು ನೋಡಿ ನಮ್ಮ ಮನೆಯವರು "ಕೆಂಪು ಅಲೆ ಗ್ಯಾರಂಟಿ" ಅಂದರು. ನಮ್ಮತ್ತೆ, ಮೋಕ್ಷವಾಗಿ ಸ್ನಾನ ಮಾಡುವವರೆಗೆ ಯಾರೂ ಮತ ಹಾಕಲು ಹೋಗಬೇಡಿ ಅಂದರು. ಹತ್ತು ಗಂಟೆಗೆ ಹೋದೆವು. ನಿಮ್ಮ ಕಡೆ ಯಾರಾದರೂ ಇದರ ಬಗ್ಗೆ ಮಾತಾಡಿದರಾ?
— ಎಡಿಸನ್, ನ್ಯೂಜೆರ್ಸಿ

ಉತ್ತರ: ಮಾತಾಡಿದರು, ಬೆಳಗ್ಗೆಯೆಲ್ಲ ಅದೇ ಮಾತು. ಐದೂವರೆಗೆ ಕಾರು ತೆಗೆದಾಗ ಪಶ್ಚಿಮದಲ್ಲಿ, ಎಲೆ ಉದುರಿದ ಮರಗಳ ಮೇಲೆ, ಹುಣಸೆಹಣ್ಣು ಹಾಕಿ ತಿಕ್ಕಿಟ್ಟ ತಾಮ್ರದ ತಟ್ಟೆಯ ಹಾಗೆ ಚಂದ್ರ ಇದ್ದ. 5 ಗಂಟೆ 16 ನಿಮಿಷಕ್ಕೆ ಪೂರ್ಣಗ್ರಹಣ ಹಿಡಿದಿತ್ತು. ಮತಗಟ್ಟೆಯ ಪಾರ್ಕಿಂಗ್ ಜಾಗದಲ್ಲಿ ನಮ್ಮ ಜಡ್ಜ್ ಆಫ್ ಎಲೆಕ್ಷನ್ ಕೈಯಲ್ಲಿ ಕೀಲಿ ಹಿಡಿದು ಮೇಲೆ ನೋಡುತ್ತಾ ನಿಂತಿದ್ದರು. (ಹೆಸರಿಗೆ ಜಡ್ಜ್. ಕೋರ್ಟಿನವರಲ್ಲ, ಮತಗಟ್ಟೆಯ ಮುಖ್ಯಸ್ಥೆ. ಪೆನ್ಸಿಲ್ವೇನಿಯಾದಲ್ಲಿ ಅವರನ್ನೂ ಊರಿನವರೇ ಮತ ಹಾಕಿ ಆರಿಸುತ್ತಾರೆ.) ಇಬ್ಬರೂ ಒಂದೈದು ನಿಮಿಷ ಸುಮ್ಮನೆ ನೋಡಿದೆವು, ಆಮೇಲೆ ಒಳಗೆ ಹೋಗಿ ಮೇಜು ಎಳೆದೆವು.

ಏಳು ಗಂಟೆಗೆ ಬಾಗಿಲು ತೆರೆದಾಗ ಸಾಲಿನ ಮುಂದಿದ್ದವರು ನಿಮ್ಮ ಮನೆಯವರ ಮಾತನ್ನೇ ಆಡುತ್ತಿದ್ದರು. ಹಿಂದಿದ್ದವರಿಗೆ ಪವರ್‌ಬಾಲ್ ಲಾಟರಿಯ ಚಿಂತೆ. 200 ಕೋಟಿ ಡಾಲರ್ ದಾಟಿದ ಬಹುಮಾನದ ಡ್ರಾ ಸೋಮವಾರ ರಾತ್ರಿ ಆಗದೆ ಮಂಗಳವಾರ ಬೆಳಗ್ಗೆಗೆ ಮುಂದೆ ಹೋಗಿತ್ತಲ್ಲ, ಹಾಗಾಗಿ ಎಲ್ಲರ ಜೇಬಿನಲ್ಲೂ ಟಿಕೆಟ್ಟು.

ಶಕುನದ ಬಗ್ಗೆ ಕೇಳಿದ್ದೀರಿ. ಭೂಮಿಯ ಗಾಳಿಯನ್ನು ಹಾದು ಬಾಗಿ ಬರುವ ಸೂರ್ಯನ ಬೆಳಕಿನಲ್ಲಿ ಕೆಂಪು ಮಾತ್ರ ಉಳಿದು ಚಂದ್ರನನ್ನು ಮುಟ್ಟುತ್ತದೆ, ಅಷ್ಟೇ. ಆ ಕೆಂಪು ಲೋಕದಷ್ಟು ಹಳೆಯದು. ರಿಪಬ್ಲಿಕನ್ ಪಕ್ಷದ ಕೆಂಪು ತೀರ ಹೊಸದು. 2000ದ ಚುನಾವಣೆಯ ಫಲಿತಾಂಶ ವಾರಗಟ್ಟಲೆ ಎಳೆದಾಡಿ, ಟಿವಿಯ ನಕ್ಷೆಗಳು ದಿನವೂ ಕಂಡೂ ಕಂಡೂ ಕೆಂಪು ಒಬ್ಬರಿಗೆ, ನೀಲಿ ಇನ್ನೊಬ್ಬರಿಗೆ ಎಂದು ಅಂಟಿಕೊಂಡಿತು. ಅದಕ್ಕೆ ಮೊದಲು ಚಾನೆಲ್ಲಿಗೊಂದು ಬಣ್ಣ ಇತ್ತು. ನಿಮ್ಮತ್ತೆಯವರ ಮಾತು ನಡೆಸಿದ್ದು ಒಳ್ಳೆಯದಾಯಿತು. ನಿಮ್ಮ ರಾಜ್ಯದಲ್ಲಿ ಬೆಳಗ್ಗೆ 6ರಿಂದ ರಾತ್ರಿ 8ರವರೆಗೆ ಬಾಗಿಲು ತೆರೆದೇ ಇರುತ್ತದೆ.

ಪ್ರಶ್ನೆ: ಮಗನ ಮನೆಗೆಂದು ಆರು ತಿಂಗಳಿಗೆ ಬಂದಿದ್ದೇನೆ. "ಮಧ್ಯಂತರ ಚುನಾವಣೆ" ಅಂದಾಗ ಇಲ್ಲಿಯ ಸರ್ಕಾರ ಬಿತ್ತೇನೋ ಎಂದು ಗಾಬರಿಯಾಯಿತು. ಮಗ ನಕ್ಕುಬಿಟ್ಟ, ಬಿಡಿಸಿ ಹೇಳಲಿಲ್ಲ. ಮತ್ತೆ ಮತದಾನದ ದಿನ ರಜೆಯೂ ಇಲ್ಲವಂತೆ. ಅವನು ಆಫೀಸು ಮುಗಿಸಿ ರಾತ್ರಿ ಏಳಕ್ಕೆ ಓಡಿದ. ಹೀಗೂ ಉಂಟೇ?
— ಟ್ರಾಯ್, ಮಿಷಿಗನ್

ಉತ್ತರ: ಅಮ್ಮಾ, ನಿಮ್ಮ ಗಾಬರಿ ಸಹಜವೇ. ನಮ್ಮ ಕನ್ನಡದಲ್ಲಿ ಆ ಮಾತಿಗೆ ಇರುವ ಅರ್ಥವೇ ಸರ್ಕಾರ ಅವಧಿಗೆ ಮೊದಲು ಬೀಳುವುದು. ಅದಕ್ಕೇ ನಾನು ಮಿಡ್‌ಟರ್ಮ್ ಎಂದೇ ಬರೆಯುತ್ತೇನೆ. ಇಲ್ಲಿ ಯಾವುದೂ ಬೀಳುವುದಿಲ್ಲ. ಅಧ್ಯಕ್ಷರ ಅವಧಿ ನಾಲ್ಕು ವರ್ಷ, ಅದರ ನಟ್ಟನಡುವೆ ಬರುವ ಚುನಾವಣೆ ಇದು. ಕೆಳಮನೆಯ, ಅಂದರೆ ಹೌಸಿನ 435 ಸ್ಥಾನಗಳಿಗೂ ಎರಡು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕು. ಸೆನೆಟಿನವರಿಗೆ ಆರು ವರ್ಷ, ಆದರೆ ಪ್ರತಿ ಎರಡು ವರ್ಷಕ್ಕೆ ಮೂರನೇ ಒಂದು ಭಾಗ ಸ್ಥಾನಗಳು ಕಣಕ್ಕೆ ಬರುತ್ತವೆ. ಜೊತೆಗೆ ಈ ಸಲ 36 ರಾಜ್ಯಗಳಲ್ಲಿ ಗವರ್ನರ್ ಚುನಾವಣೆ. ಅಧ್ಯಕ್ಷರ ಹೆಸರು ಮತಪತ್ರದಲ್ಲಿ ಇರುವುದೇ ಇಲ್ಲ, ಆದರೆ ಎಲ್ಲರ ಬಾಯಲ್ಲೂ ಅವರದೇ ಹೆಸರು.

ಮಂಗಳವಾರ ಎಂದು ಗೊತ್ತು ಮಾಡಿದ್ದು 1845ರ ಕಾನೂನು. ಆಗ ಬಹುಪಾಲು ಜನ ರೈತರು. ನವೆಂಬರಿಗೆ ಕುಯಿಲು ಮುಗಿದಿರುತ್ತದೆ, ಚಳಿ ಇನ್ನೂ ಬಲಿತಿರುವುದಿಲ್ಲ. ಭಾನುವಾರ ಚರ್ಚು, ಬುಧವಾರ ಸಂತೆ. ಕುದುರೆಗಾಡಿ ಕಟ್ಟಿಕೊಂಡು ಕೌಂಟಿಯ ಊರಿಗೆ ಬರಲು ಸೋಮವಾರ ಬೇಕು. ಉಳಿದದ್ದು ಮಂಗಳವಾರ. ಸಂತೆ ಹೋಯಿತು, ಗಾಡಿ ಹೋಯಿತು, ಮಂಗಳವಾರ ಹಾಗೇ ಉಳಿಯಿತು. ಕೆಲವು ರಾಜ್ಯಗಳು ರಜೆ ಕೊಡುತ್ತವೆ, ದೇಶಕ್ಕೆಲ್ಲ ರಜೆ ಇಲ್ಲ. ಎರಡು ಶಿಫ್ಟು ದುಡಿಯುವವರು ರಾತ್ರಿ 7:50ಕ್ಕೆ ಏದುಸಿರು ಬಿಡುತ್ತಾ ಬರುವುದನ್ನು ನಾನು ಪ್ರತಿಸಲ ನೋಡುತ್ತೇನೆ. ಈ ಒಂದು ವಿಷಯದಲ್ಲಿ ಈ ದೇಶ ಬದಲಾಗಲೇಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಅಂದ ಹಾಗೆ, ನೀವಿರುವ ರಾಜ್ಯದಿಂದಲೇ ಈ ಸಲ ಶ್ರೀ ಥಾನೇದಾರ್ ಹೌಸಿಗೆ ಆರಿಸಿ ಬಂದಿದ್ದಾರೆ, ಡೆಟ್ರಾಯ್ಟಿನ 13ನೇ ಕ್ಷೇತ್ರದಿಂದ. ಬೆಳಗಾವಿಯಲ್ಲಿ ಬೆಳೆದವರು. ಮಗನಿಗೆ ಹೇಳಿ.

ಪ್ರಶ್ನೆ: ಮೇಡಂ, ನವೆಂಬರ್ 8ರ ಮಧ್ಯಾಹ್ನವೇ ನಿಮಗೆ ಬರೆದಿದ್ದೆ: "ನಮ್ಮ ಮತಗಟ್ಟೆ ಹೊರಗೆ ನಿಂತವರ ಮಾತು, ರಸ್ತೆಯುದ್ದಕ್ಕೂ ಇರುವ ಬೋರ್ಡುಗಳು, ಪೆಟ್ರೋಲ್ ಬೆಲೆ ಬಗ್ಗೆ ಜನರ ಸಿಟ್ಟು ನೋಡಿದರೆ ರಿಪಬ್ಲಿಕನ್ನರಿಗೆ ಹೌಸಿನಲ್ಲಿ ಕನಿಷ್ಠ 40 ಸ್ಥಾನ ಹೆಚ್ಚು, ಸೆನೆಟ್ ಕೂಡ ಅವರದೇ." ನನ್ನ ಕಣ್ಣಾರೆ ಕಂಡದ್ದನ್ನೇ ಬರೆದದ್ದು. ಇಷ್ಟು ತಪ್ಪಾದದ್ದು ಹೇಗೆ?
— ಬಕ್ಸ್ ಕೌಂಟಿ, ಪೆನ್ಸಿಲ್ವೇನಿಯಾ

ಉತ್ತರ: ಎರಡನೇ ಸಲ ಬರೆದಿರಿ ನೋಡಿ, ಅದಕ್ಕೆ ಮೊದಲು ನಮಸ್ಕಾರ. ನಿಮ್ಮ ಪತ್ರವನ್ನು ನಾನು ನಾಲ್ಕು ಸಲ ಓದಿದೆ, ಯಾಕೆಂದರೆ ಆ ದಿನ ಮಧ್ಯಾಹ್ನ ನನ್ನನ್ನು ಕೇಳಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ.

ನಿಮ್ಮ ಊಹೆಗೆ ಆಧಾರ ಇರಲಿಲ್ಲ ಎನ್ನುವಂತಿಲ್ಲ. ಮಿಡ್‌ಟರ್ಮ್‌ನಲ್ಲಿ ಅಧ್ಯಕ್ಷರ ಪಕ್ಷ ಪೆಟ್ಟು ತಿನ್ನುವುದು ಇಲ್ಲಿ ಹಳೆಯ ವಾಡಿಕೆ. 1994ರಲ್ಲಿ ಕ್ಲಿಂಟನ್ ಪಕ್ಷ ಹೌಸಿನಲ್ಲಿ 54 ಸ್ಥಾನ ಕಳೆದುಕೊಂಡಿತು, 2010ರಲ್ಲಿ ಒಬಾಮಾ ಪಕ್ಷ 63, 2018ರಲ್ಲಿ ಟ್ರಂಪ್ ಪಕ್ಷ 40. ಕಳೆದ ನೂರು ವರ್ಷದಲ್ಲಿ ಅಧ್ಯಕ್ಷರ ಪಕ್ಷಕ್ಕೆ ಹೌಸಿನಲ್ಲಿ ಸ್ಥಾನ ಹೆಚ್ಚಿದ್ದು ಮೂರೇ ಸಲ: 1934, 1998, 2002. ಈ ಸಲ ಅಧ್ಯಕ್ಷರು ಡೆಮಾಕ್ರಟಿಕ್ ಪಕ್ಷದ ಬೈಡನ್, ಮೇಲಾಗಿ ಜೂನಿನಲ್ಲಿ ಬೆಲೆಯೇರಿಕೆ 9.1 ಶೇಕಡಾ ಮುಟ್ಟಿತ್ತು, ನಲವತ್ತು ವರ್ಷದಲ್ಲಿ ಕಾಣದ್ದು. ಇದನ್ನೆಲ್ಲ ಕೂಡಿಸಿದರೆ ಯಾರಾದರೂ ಅಲೆ ಎಂದೇ ಹೇಳುತ್ತಿದ್ದರು, ಹೇಳಿದರು ಕೂಡ. ಬಂದದ್ದು ಬೇರೆ. ಹೌಸು ರಿಪಬ್ಲಿಕನ್ನರಿಗೆ ಸಿಕ್ಕಿತು, ಆದರೆ ಹೆಚ್ಚಿದ್ದು 9 ಸ್ಥಾನ ಮಾತ್ರ, 222ಕ್ಕೆ 213. ಸೆನೆಟಿನಲ್ಲಿ ಡೆಮಾಕ್ರಟರಿಗೇ ಒಂದು ಸ್ಥಾನ ಹೆಚ್ಚಿತು.

ಈಗ ನಿಮ್ಮ ಕಣ್ಣಿನ ವಿಷಯ. ಕಣ್ಣು ಸುಳ್ಳು ಹೇಳಲಿಲ್ಲ, ನೋಡಿದ್ದು ಅರ್ಧ ಜನರನ್ನು. ನಾನು ಕೂರುವ ಜಾಗದಿಂದ ಇದು ಚೆನ್ನಾಗಿ ಕಾಣುತ್ತದೆ. ನಮ್ಮ ಸಹಿ ಪುಸ್ತಕದಲ್ಲಿ ಪ್ರಿಸಿಂಕ್ಟಿನ ಪ್ರತಿ ಮತದಾರರ ಹೆಸರು, ಪಕ್ಕದಲ್ಲಿ ಸಹಿಗೆ ಜಾಗ ಇರುತ್ತದೆ. ಅಂಚೆ ಮತ ಪಡೆದವರ ಸಹಿಯ ಜಾಗದಲ್ಲಿ ಮೊದಲೇ ಗುರುತು ಅಚ್ಚಾಗಿರುತ್ತದೆ. 2018ರಲ್ಲಿ ಆ ಪುಸ್ತಕ ತಿರುವಿದರೆ ಅಂಥ ಗುರುತು ಅಪರೂಪ. ಯಾಕೆಂದರೆ ಆಗ ಕಾರಣ ಕೊಟ್ಟವರಿಗೆ ಮಾತ್ರ ಅಂಚೆ ಮತ. 2019ರಲ್ಲಿ ನಮ್ಮ ರಾಜ್ಯ ಕಾನೂನು ಬದಲಿಸಿ ಬೇಕೆಂದವರಿಗೆಲ್ಲ ಕೊಟ್ಟಿತು. ಈಗ ಪುಟಕ್ಕೆ ಮೂರು, ನಾಲ್ಕು, ಕೆಲವೊಮ್ಮೆ ಗಂಡ ಹೆಂಡತಿ ಇಬ್ಬರೂ. ಅವರು ಮನೆಯಲ್ಲಿ ಊಟದ ಮೇಜಿನ ಮೇಲೆ ಮತ ಹಾಕಿ ಮುಗಿಸಿದ್ದಾರೆ. ಅವರ ಮಾತು ನಿಮ್ಮ ಕಿವಿಗೆ ಬೀಳುವುದಿಲ್ಲ, ಅವರ ಕಾರು ಪಾರ್ಕಿಂಗಿನಲ್ಲಿ ಇರುವುದಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಅಂಚೆಯಲ್ಲಿ ಹಾಕುವವರಲ್ಲಿ ಡೆಮಾಕ್ರಟರು ಬಹಳ ಹೆಚ್ಚು. ಹಾಗಾಗಿ ಮತಗಟ್ಟೆಯ ಹೊರಗೆ ನಿಂತು ನೋಡಿದವರಿಗೆ ಊರು ಇರುವುದಕ್ಕಿಂತ ಕೆಂಪಗೆ ಕಾಣಿಸುತ್ತದೆ.

ಇನ್ನೊಂದು, ಜನ ಸಾಲಿನಲ್ಲಿ ಎಲ್ಲವನ್ನೂ ಮಾತಾಡುವುದಿಲ್ಲ. ಪೆಟ್ರೋಲ್ ಬೆಲೆ ಅಪರಿಚಿತರ ಜೊತೆ ಆಡಬಹುದಾದ ಮಾತು. ಗರ್ಭಪಾತ ಹಾಗಲ್ಲ. ಜೂನ್ 24ಕ್ಕೆ ಸುಪ್ರೀಂ ಕೋರ್ಟು ಗರ್ಭಪಾತದ ಹಕ್ಕಿನ ಐವತ್ತು ವರ್ಷದ ಹಳೆಯ ತೀರ್ಪನ್ನು ರದ್ದು ಮಾಡಿದ ಮೇಲೆ ಅದು ಎಷ್ಟು ಜನರ ಮನಸ್ಸಿನಲ್ಲಿತ್ತು ಎನ್ನುವುದು ಸಾಲಿನಲ್ಲಿ ನಿಂತವರಿಗೆ ಗೊತ್ತಾಗಲಿಲ್ಲ. ಮತ ಹಾಕಿ ಬಂದವರ ಕೈಗೆ ಗುಟ್ಟಾಗಿ ತುಂಬುವ ಕಾಗದ ಕೊಟ್ಟ ರಾಷ್ಟ್ರೀಯ ಎಕ್ಸಿಟ್ ಪೋಲಿನಲ್ಲಿ, ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು ಎಂದರೆ 31 ಶೇಕಡಾ ಬೆಲೆಯೇರಿಕೆ ಎಂದರು, 27 ಶೇಕಡಾ ಗರ್ಭಪಾತ ಎಂದರು. ಹತ್ತಿರ ಹತ್ತಿರ ಒಂದೇ ತೂಕ. ನೀವು ದಿನವಿಡೀ ನಿಂತಿದ್ದರೂ ಎರಡನೆಯದನ್ನು ಒಬ್ಬರ ಬಾಯಿಂದಲೂ ಕೇಳುತ್ತಿರಲಿಲ್ಲವೇನೋ. ನಾನಂತೂ ಹದಿಮೂರು ಗಂಟೆಯಲ್ಲಿ ಒಂದೇ ಒಂದು ಸಲ ಕೇಳಿದೆ. ತಾಯಿ ಮಗಳಿಗೆ ಮೆಲ್ಲಗೆ ಏನೋ ಹೇಳಿದರು, ನನ್ನ ಕಣ್ಣು ಬಿದ್ದೊಡನೆ ನಿಲ್ಲಿಸಿದರು.

ದೊಡ್ಡ ಲೆಕ್ಕದವರೂ ನಿಮಗಿಂತ ಬಹಳ ಮುಂದೆ ಇರಲಿಲ್ಲ. ಚುನಾವಣೆಯ ಸಂಭವ ಲೆಕ್ಕ ಹಾಕುವ ಫೈವ್‌ಥರ್ಟಿಎಯ್ಟ್ ತಾಣದವರು ಕೊನೆಯ ದಿನ ಸೆನೆಟ್ ರಿಪಬ್ಲಿಕನ್ನರಿಗೆ ಹೋಗುವ ಸಂಭವ 100ಕ್ಕೆ 59 ಎಂದಿದ್ದರು. ಅದನ್ನು ಬಹಳ ಜನ "ಗೆಲ್ಲುತ್ತಾರೆ" ಎಂದು ಓದಿಕೊಂಡರು. 59 ಎಂದರೆ ನಾಣ್ಯ ಚಿಮ್ಮುವುದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ನಿಮ್ಮ ಮಧ್ಯಾಹ್ನದ ಪತ್ರವನ್ನು ದಯವಿಟ್ಟು ಎಸೆಯಬೇಡಿ. ಆ ದಿನ ಬಕ್ಸ್ ಕೌಂಟಿಯ ಒಂದು ರಸ್ತೆ ಹೇಗಿತ್ತು ಎನ್ನುವುದಕ್ಕೆ ಅದು ಸರಿಯಾದ ದಾಖಲೆ.

ಪ್ರಶ್ನೆ: ನಮ್ಮ ಕಡೆ ಮತಪತ್ರವನ್ನು ಯಂತ್ರ ಮೂರು ಸಲ ವಾಪಸ್ ಉಗುಳಿತು. ಪ್ರಿಂಟರಿನ ಶಾಯಿ ತೆಳುವಾಗಿದೆ, ಕೆಳಗಿನ 3ನೇ ಪೆಟ್ಟಿಗೆಗೆ ಹಾಕಿ, ರಾತ್ರಿ ಎಣಿಸುತ್ತೇವೆ ಅಂದರು. ಹಾಕಿದೆ. ಹಿಂದೆ ನಿಂತವರು "ಅದು ಕಸದ ಬುಟ್ಟಿಗೆ ಹೋಯಿತು ಅಂತಲೇ ತಿಳ್ಕೊ" ಅಂದರು. ಅವತ್ತಿಂದ ನಿದ್ದೆ ಸರಿಯಾಗಿ ಬಂದಿಲ್ಲ.
— ಫೀನಿಕ್ಸ್, ಅರಿಜೋನಾ

ಉತ್ತರ: ನಿದ್ದೆ ಮಾಡಿ. ಆ ದಿನ ನಿಮ್ಮ ಭಾಗದ ಹತ್ತಾರು ಕೇಂದ್ರಗಳಲ್ಲಿ ಹೀಗೇ ಆಯಿತು. ಮುದ್ರಣ ತೆಳುವಾದರೆ ಮತಗಟ್ಟೆಯ ಸಣ್ಣ ಯಂತ್ರ ಅಂಚಿನ ಕಪ್ಪು ಗುರುತುಗಳನ್ನು ಹಿಡಿಯುವುದಿಲ್ಲ, ಕಾಗದ ಹಿಂದೆ ತಳ್ಳುತ್ತದೆ. 3ನೇ ಪೆಟ್ಟಿಗೆಯ ಮತಪತ್ರಗಳನ್ನು ಮುಚ್ಚಿ ಮೊಹರು ಮಾಡಿ ಕೇಂದ್ರ ಎಣಿಕೆ ಜಾಗಕ್ಕೆ ಒಯ್ದು ಅಲ್ಲಿಯ ದೊಡ್ಡ ಯಂತ್ರದಲ್ಲಿ ಎಣಿಸಿದರು. ನಿಮ್ಮ ಮತ ಸೇರಿದೆ. ಆದರೆ ಯಂತ್ರ ಕೆಟ್ಟ ದಿನ ಜನರಿಗೆ ಕೂಡಲೇ, ಸ್ಪಷ್ಟವಾಗಿ, ಅವರವರ ಭಾಷೆಯಲ್ಲಿ ಹೇಳುವವರು ಇರಬೇಕಿತ್ತು. ಅದು ಇರಲಿಲ್ಲ ಎಂದು ನಿಮ್ಮ ಪತ್ರದಿಂದ ಗೊತ್ತಾಗುತ್ತದೆ. ಆ ಜಾಗವನ್ನು ಹಿಂದೆ ನಿಂತವರ ಮಾತು ತುಂಬಿತು.

ನಿಮ್ಮ ರಾಜ್ಯದಲ್ಲಿ ಒಂದೊಂದು ಮತವೂ ಎಷ್ಟು ತೂಗಿತು ಎನ್ನುವುದಕ್ಕೆ ಡಿಸೆಂಬರ್ ಕೊನೆಯ ಸುದ್ದಿ ನೋಡಿ. ಅಟಾರ್ನಿ ಜನರಲ್ ಸ್ಥಾನಕ್ಕೆ ಸುಮಾರು 25 ಲಕ್ಷ ಮತ ಬಿದ್ದು, ಮರು ಎಣಿಕೆಯ ನಂತರ ಕ್ರಿಸ್ ಮೇಯ್ಸ್ ಗೆದ್ದದ್ದು 280 ಮತಗಳಿಂದ.

ಪ್ರಶ್ನೆ: ನನ್ನದು ಗ್ರೀನ್‌ಕಾರ್ಡ್. ಡ್ರೈವಿಂಗ್ ಲೈಸೆನ್ಸ್ ನವೀಕರಿಸಲು ಹೋದಾಗ ಕೌಂಟರಿನಲ್ಲಿ "ಮತದಾರರ ಪಟ್ಟಿಗೆ ಹೆಸರು ಸೇರಿಸಲೇ?" ಎಂದು ಕೇಳಿದರು. ತೆರಿಗೆ ಕಟ್ಟುತ್ತೇನಲ್ಲ, ಸೇರಿಸಿದರೆ ತಪ್ಪೇನು?
— ಹೆಸರು, ಊರು ಬೇಡ ಎಂದಿದ್ದಾರೆ

ಉತ್ತರ: ಬೇಡ. ದಯವಿಟ್ಟು ಬೇಡ. ಅವರು ಎಲ್ಲರನ್ನೂ ಕೇಳುತ್ತಾರೆ, ನಿಮ್ಮ ಕಾಗದ ನೋಡಿ ಕೇಳಿದ್ದಲ್ಲ. ಪೌರರಲ್ಲದವರು ಕೇಂದ್ರದ ಚುನಾವಣೆಯಲ್ಲಿ ಮತ ಹಾಕುವುದು ಅಪರಾಧ, ಗಡೀಪಾರಿಗೂ ಕಾರಣವಾಗುತ್ತದೆ. ಪೌರ ಎಂದು ಸುಳ್ಳು ಗುರುತು ಹಾಕಿದರೂ ಸಾಕು, ಮುಂದೆ ಪೌರತ್ವದ ಬಾಗಿಲೇ ಮುಚ್ಚಬಹುದು. ಈಗಾಗಲೇ ಸಹಿ ಹಾಕಿದ್ದರೆ ಇವತ್ತೇ ವಲಸೆ ವಕೀಲರೊಬ್ಬರನ್ನು ಕಾಣಿ. ಗ್ರೀನ್‌ಕಾರ್ಡ್ ಸಿಕ್ಕಿ ಸಾಮಾನ್ಯವಾಗಿ ಐದು ವರ್ಷವಾದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. 2022ರಲ್ಲಿ ಶುಲ್ಕ ಬೆರಳಚ್ಚಿನದೂ ಸೇರಿ 725 ಡಾಲರ್ ಇತ್ತು. ಆಗ 100 ಪ್ರಶ್ನೆಗಳ ಪಟ್ಟಿಯಿಂದ ಹತ್ತು ಕೇಳುತ್ತಿದ್ದರು, ಆರು ಸರಿಯಾದರೆ ಸಾಕಿತ್ತು. ಸೆನೆಟರಿಗೆ ಎಷ್ಟು ವರ್ಷದ ಅವಧಿ ಎನ್ನುವುದೂ ಅದರಲ್ಲಿದೆ. ಮೇಲೆ ಟ್ರಾಯ್‌ನ ಅಮ್ಮನಿಗೆ ಕೊಟ್ಟ ಉತ್ತರದಲ್ಲಿ ನಿಮಗೂ ಅದು ಸಿಕ್ಕಿತು.

ಪ್ರಶ್ನೆ: ಆಂಟಿ, ನಾನು ಆನ್ ಆರ್ಬರ್‌ನಲ್ಲಿ ಓದುತ್ತಿದ್ದೇನೆ. ಇದು ನನ್ನ ಮೊದಲ ಮತ. ಅದೇ ದಿನ ಹೆಸರು ನೋಂದಾಯಿಸಿ ಮತ ಹಾಕಬಹುದು ಅಂತ ಸಂಜೆ ಸಾಲಿಗೆ ಸೇರಿದೆ. ಚಳಿಯಲ್ಲಿ ನಾಲ್ಕು ಗಂಟೆಗೂ ಹೆಚ್ಚು ನಿಂತೆವು. ಯಾರೋ ಪೀಟ್ಸಾ ತಂದು ಹಂಚಿದರು. ನನ್ನ ಸರದಿ ಬರುವ ಹೊತ್ತಿಗೆ ಟಿವಿಯಲ್ಲಿ ಫಲಿತಾಂಶಗಳೇ ಶುರುವಾಗಿದ್ದವು. ಅಮ್ಮ ಫೋನಿನಲ್ಲಿ "ಮುಗಿದೇ ಹೋಯ್ತಲ್ಲ, ಮನೆಗೆ ಹೋಗು" ಅಂತಿದ್ದಳು. ನಾನು ನಿಂತದ್ದು ಸರಿಯಾ?
— ಆನ್ ಆರ್ಬರ್, ಮಿಷಿಗನ್

ಉತ್ತರ: ಸರಿ ಕಣೇ ಮಗಳೇ, ನೂರಕ್ಕೆ ನೂರು ಸರಿ. ರಾತ್ರಿ 8ರೊಳಗೆ ಸಾಲಿನಲ್ಲಿ ಇದ್ದವರ ಸರದಿ ಎಷ್ಟು ಹೊತ್ತಿಗೆ ಬಂದರೂ ಮತ ಹಾಕಬಹುದು. ನಿಮ್ಮ ಊರಿನ ಸಾಲು ಮಧ್ಯರಾತ್ರಿ ದಾಟಿತು ಎಂದು ಆಮೇಲೆ ಓದಿದೆ. ಟಿವಿಯವರು ಹೇಳುವುದು ಘೋಷಣೆ ಅಲ್ಲ, ಅವರ ಲೆಕ್ಕ. ಅಸೋಸಿಯೇಟೆಡ್ ಪ್ರೆಸ್ 1848ರಿಂದ ಈ ಲೆಕ್ಕ ಮಾಡಿಕೊಂಡು ಬಂದಿದೆ, ಬಹಳ ಎಚ್ಚರಿಕೆಯಿಂದ ಮಾಡುತ್ತದೆ, ಆದರೂ ಅದು ಲೆಕ್ಕವೇ. ನಿನ್ನ ಮತಪತ್ರದಲ್ಲಿ ಗವರ್ನರ್ ಒಬ್ಬರೇ ಇರಲಿಲ್ಲ. ಗರ್ಭಪಾತದ ಹಕ್ಕನ್ನು ರಾಜ್ಯ ಸಂವಿಧಾನಕ್ಕೆ ಸೇರಿಸುವ 3ನೇ ಪ್ರಸ್ತಾವ ಇತ್ತು, ಶಾಸಕರಿದ್ದರು, ಶಾಲಾ ಮಂಡಳಿಯವರಿದ್ದರು. ಅದೇ ದಿನ ನೋಂದಾಯಿಸುವ ಹಕ್ಕು ಕೂಡ 2018ರಲ್ಲಿ ನಿಮ್ಮ ರಾಜ್ಯದ ಜನ ಮಿಡ್‌ಟರ್ಮ್ ದಿನವೇ ಮತ ಹಾಕಿ ಪಡೆದದ್ದು.

ನೀನು ನಮ್ಮ ಮತಗಟ್ಟೆಗೆ ಬಂದಿದ್ದರೆ ಏನಾಗುತ್ತಿತ್ತು ಗೊತ್ತಾ? ನಮ್ಮಲ್ಲಿ ಮೊದಲ ಸಲ ಬಂದವರ ಹತ್ತಿರ ಮಾತ್ರ ಗುರುತಿನ ಚೀಟಿ ಕೇಳುತ್ತೇವೆ. ಈ ಸಲ ಒಬ್ಬ ಹುಡುಗಿ ಅಪ್ಪನ ಜೊತೆ ಬಂದಳು. ಚೀಟಿ ತೋರಿಸಿ, ಸಹಿ ಮಾಡಿ, ಮತಪತ್ರ ಕೈಗೆ ತೆಗೆದುಕೊಂಡ ಕೂಡಲೇ ನಮ್ಮ ಜಡ್ಜ್ ಎದ್ದು ನಿಂತು "ಮೊದಲ ಮತದಾರೆ!" ಎಂದು ಕೂಗಿದರು. ಇಡೀ ಹಾಲು ಚಪ್ಪಾಳೆ. ಅವಳು ಕಿವಿಯವರೆಗೆ ಕೆಂಪಾಗಿ ಹೋದಳು. ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. ನಿನಗೆ ಆ ಚಪ್ಪಾಳೆ ಇಲ್ಲಿಂದ.

ಪ್ರಶ್ನೆ: ನವೆಂಬರಿನಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಮತ್ತೊಮ್ಮೆ. ನಮ್ಮನ್ನೇ ಯಾಕೆ ಎರಡೆರಡು ಸಲ ನಿಲ್ಲಿಸುತ್ತಾರೆ?
— ಆಲ್ಫರೆಟ್ಟಾ, ಜಾರ್ಜಿಯಾ

ಉತ್ತರ: ನಿಮ್ಮ ರಾಜ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬಂದರೇ ಗೆಲುವು. ನವೆಂಬರಿನಲ್ಲಿ ಸೆನೆಟ್ ಸ್ಥಾನಕ್ಕೆ ನಿಂತಿದ್ದ ಡೆಮಾಕ್ರಟ್ ವಾರ್ನಾಕ್ ಮುಂದಿದ್ದರೂ ಅರ್ಧ ಮುಟ್ಟಲಿಲ್ಲ, ಮೂರನೆಯ ಅಭ್ಯರ್ಥಿ 2 ಶೇಕಡಾದಷ್ಟು ತೆಗೆದುಕೊಂಡರು. ಡಿಸೆಂಬರ್ 6ರ ಎರಡನೇ ಸುತ್ತಿನಲ್ಲಿ ರಿಪಬ್ಲಿಕನ್ ವಾಕರ್ ವಿರುದ್ಧ ವಾರ್ನಾಕ್ ಗೆದ್ದರು, ಸೆನೆಟ್ 51ಕ್ಕೆ 49 ಆಯಿತು. ಬೇಸರ ಮಾಡಿಕೊಳ್ಳದೆ ಎರಡು ಸಲವೂ ಹೋದಿರಲ್ಲ, ಅದೇ ದೊಡ್ಡದು.

ಪ್ರಶ್ನೆ: ಇದು ಪ್ರಶ್ನೆಗಿಂತ ಸಿಟ್ಟು ಅಂತಲೇ ತಿಳಿಯಿರಿ. ಮಂಗಳವಾರ ಮತ ಹಾಕಿದರೆ ಸೆನೆಟ್ ಯಾರದು ಎಂದು ಶನಿವಾರ ಗೊತ್ತಾಯಿತು, ಹೌಸು ಮುಂದಿನ ಬುಧವಾರ. ರಾತ್ರಿ ಹತ್ತಕ್ಕೆ ಮುಂದಿದ್ದವರು ಬೆಳಗ್ಗೆ ಹಿಂದೆ. ಇಷ್ಟು ಮುಂದುವರಿದ ದೇಶಕ್ಕೆ ಎಣಿಸಲು ಬರುವುದಿಲ್ಲವೇ? ನಡುವೆ ಏನು ನಡೆಯುತ್ತದೆ ಯಾರಿಗೆ ಗೊತ್ತು?
— ಕಿಂಗ್ ಆಫ್ ಪ್ರಶಾ, ಪೆನ್ಸಿಲ್ವೇನಿಯಾ

ಉತ್ತರ: ನಡುವೆ ಏನು ನಡೆಯುತ್ತದೆ ಎಂದು ನನಗೆ ಸ್ವಲ್ಪ ಗೊತ್ತು, ಹೇಳುತ್ತೇನೆ. ನೀವು ನಮ್ಮದೇ ಕೌಂಟಿಯವರು, ಇದು ನಿಮಗೆ ಗೊತ್ತಿರಬೇಕು.

ಬೆಳಗ್ಗೆ ಬಾಗಿಲು ತೆರೆಯುವ ಮೊದಲು ಯಂತ್ರದಿಂದ ಒಂದು ಉದ್ದನೆಯ ಚೀಟಿ ತೆಗೆಯುತ್ತೇವೆ, ಅಂಗಡಿಯ ಬಿಲ್ಲಿನ ಹಾಗಿರುತ್ತದೆ. ಪ್ರತಿ ಹೆಸರಿನ ಮುಂದೆ ಸೊನ್ನೆ. ಎರಡೂ ಪಕ್ಷದ ಇನ್‌ಸ್ಪೆಕ್ಟರುಗಳು ಅದನ್ನು ಓದಿ ಸಹಿ ಹಾಕುತ್ತಾರೆ. ರಾತ್ರಿ 8ಕ್ಕೆ ಜಡ್ಜ್ ಹೊರಗೆ ಹೋಗಿ ಮತದಾನ ಮುಗಿಯಿತೆಂದು ಕೂಗಿ ಹೇಳುತ್ತಾರೆ, ಸಾಲಿನ ಕೊನೆಯವರು ಮುಗಿಸಿದ ಮೇಲೆ ಮತ್ತೊಂದು ಚೀಟಿ. ಈಗ ಸೊನ್ನೆಯ ಜಾಗದಲ್ಲಿ ಸಂಖ್ಯೆಗಳು. ಅದರ ಒಂದು ಪ್ರತಿಯನ್ನು ಬಾಗಿಲಿಗೆ ಅಂಟಿಸುತ್ತೇವೆ. ಯಾರು ಬೇಕಾದರೂ ಬಂದು ಬರೆದುಕೊಂಡು ಹೋಗಬಹುದು. ಈ ಸಲ ಒಬ್ಬ ಮುದುಕರು ನಾಯಿಯನ್ನು ಕರೆದುಕೊಂಡು ಬಂದು ಟಾರ್ಚು ಹಿಡಿದು ಇಡೀ ಚೀಟಿ ಓದಿದರು. ಕೊನೆಯಲ್ಲಿ "ಸರಿ" ಅಂದರು, ಹೋದರು.

ತಡವಾಗುವುದು ಇದರಿಂದಲ್ಲ, ಅಂಚೆ ಮತಗಳಿಂದ. ನಮ್ಮ ರಾಜ್ಯದ ಕಾನೂನಿನ ಪ್ರಕಾರ ಚುನಾವಣೆಯ ದಿನ ಬೆಳಗ್ಗೆ 7ಕ್ಕೆ ಮೊದಲು ಒಂದು ಲಕೋಟೆಯನ್ನೂ ತೆರೆಯುವಂತಿಲ್ಲ. ಫ್ಲಾರಿಡಾದವರು ದಿನಗಟ್ಟಲೆ ಮುಂಚೆ ತೆರೆದು ಸಿದ್ಧ ಮಾಡಿಕೊಳ್ಳುತ್ತಾರೆ, ಅದಕ್ಕೇ ಅವರ ಫಲಿತಾಂಶ ಬೇಗ. ನಮ್ಮಲ್ಲಿ ಹತ್ತು ಲಕ್ಷಕ್ಕೂ ಮೀರಿದ ಮತಗಳು, ಒಂದೊಂದಕ್ಕೂ ಎರಡೆರಡು ಲಕೋಟೆ. ಹೊರಗಿನದರ ಮೇಲೆ ಸಹಿ, ತಾರೀಕು. ಒಳಗಿನದು ಗುಟ್ಟಿನ ಲಕೋಟೆ, ಅದರಲ್ಲಿ ಮತಪತ್ರ. ಒಳಲಕೋಟೆ ಇಲ್ಲದಿದ್ದರೆ ಮತ ಹೋಯಿತು.

ಆ ದಿನ ಮೂರು ಗಂಟೆಯ ಹೊತ್ತಿಗೆ ಎಂಬತ್ತು ದಾಟಿದ ಯಜಮಾನರೊಬ್ಬರು ನಮ್ಮ ಮೇಜಿಗೆ ಬಂದರು, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ. ಅಂಚೆ ಮತಪತ್ರ ತುಂಬಿದ್ದಾರೆ, ಹೊರಲಕೋಟೆ ಇದೆ, ಒಳಲಕೋಟೆ ಇಲ್ಲ. ಹೆಂಡತಿ ತೀರಿಕೊಂಡ ಮೇಲೆ ಬಂದ ಕಾಗದಗಳ ರಾಶಿಯಲ್ಲಿ ಎಲ್ಲೋ ಸೇರಿಹೋಗಿದೆ. "ಮನೆಯೆಲ್ಲ ಹುಡುಕಿದೆ" ಎಂದು ಮೂರು ಸಲ ಹೇಳಿದರು. ಇರುವ ಮತಪತ್ರವನ್ನೂ ಹೊರಲಕೋಟೆಯನ್ನೂ ತೆಗೆದುಕೊಂಡು, ರದ್ದು ಎಂದು ಬರೆದು, ಘೋಷಣೆಗೆ ಸಹಿ ಮಾಡಿಸಿ, ಹೊಸ ಮತಪತ್ರ ಕೊಟ್ಟೆವು. ಇದು ನಿಯಮದಲ್ಲೇ ಇದೆ. ಕುರ್ಚಿ ಹಾಕಿದೆವು, ಇಪ್ಪತ್ತು ನಿಮಿಷ ಕೂತು ತುಂಬಿದರು. ಯಂತ್ರ ಅದನ್ನು ಒಳಗೆಳೆದುಕೊಂಡಾಗ ಎರಡೂ ಕೈ ಅದರ ಮೇಲಿಟ್ಟು ಸ್ವಲ್ಪ ಹೊತ್ತು ನಿಂತಿದ್ದರು. ತಡ ಎಂದರೆ ಇಂಥ ಇಪ್ಪತ್ತು ನಿಮಿಷಗಳೇ, ಸಾರ್.

ರಾತ್ರಿ ಹತ್ತಕ್ಕೆ ಮುಂದಿದ್ದವರು ಬೆಳಗ್ಗೆ ಹಿಂದೆ ಆದದ್ದೂ ಇದೇ ಕಾರಣಕ್ಕೆ: ಯಾವ ರಾಶಿಯನ್ನು ಮೊದಲು ಎಣಿಸುತ್ತಾರೋ ಅದರ ಬಣ್ಣ ಮೊದಲು ಕಾಣುತ್ತದೆ. ಆದರೂ ಈ ಸಲ ನಮ್ಮ ರಾಜ್ಯ ಬೇಗ ಮುಗಿಸಿತು. ಹೊಸ ಕಾನೂನಿನಂತೆ ಹಣದ ನೆರವು ಪಡೆದ ಕೌಂಟಿಗಳು ಎಣಿಕೆಯನ್ನು ನಡುವೆ ನಿಲ್ಲಿಸುವಂತಿರಲಿಲ್ಲ. ಸೆನೆಟಿಗೆ ಡೆಮಾಕ್ರಟ್ ಫೆಟರ್‌ಮನ್ ಗೆದ್ದರು ಎಂದು ಮಧ್ಯರಾತ್ರಿ ದಾಟಿದ ಕೆಲವೇ ಗಂಟೆಯಲ್ಲಿ ಗೊತ್ತಾಯಿತು. ಶನಿವಾರದವರೆಗೆ ಎಳೆದದ್ದು ನೆವಾಡಾ. ಮಂಗಳವಾರದ ಅಂಚೆ ಮುದ್ರೆ ಇದ್ದರೆ ನಾಲ್ಕು ದಿನದವರೆಗೆ ಬಂದದ್ದನ್ನೂ ಅವರು ಎಣಿಸುತ್ತಾರೆ. ಅಲ್ಲಿ ಸೆನೆಟಿಗೆ ಡೆಮಾಕ್ರಟ್ ಕಾರ್ಟೆಜ್ ಮಾಸ್ಟೊ ಗೆದ್ದದ್ದು ಎಂಟು ಸಾವಿರಕ್ಕೂ ಕಡಿಮೆ ಅಂತರದಲ್ಲಿ. ಕೊಲೊರಾಡೋದ 3ನೇ ಹೌಸ್ ಕ್ಷೇತ್ರದಲ್ಲಿ ರಿಪಬ್ಲಿಕನ್ ಬೋಬರ್ಟ್ ಗೆದ್ದದ್ದು 546 ಮತದಿಂದ. ನಮ್ಮದೇ ಕೌಂಟಿಯ ಒಂದು ಶಾಸಕ ಸ್ಥಾನ ನೂರಕ್ಕಿಂತ ಕಡಿಮೆ ಮತದಲ್ಲಿ ತೀರ್ಮಾನವಾಗಿ, ಅದರಿಂದ ರಾಜ್ಯದ ಕೆಳಮನೆಯ ಬಹುಮತವೇ ಹನ್ನೆರಡು ವರ್ಷದ ಮೇಲೆ ಕೈ ಬದಲಾಯಿತು. ಇಷ್ಟು ಸಣ್ಣ ಅಂತರಗಳನ್ನು ನಾನು ಅವಸರದಲ್ಲಿ ಎಣಿಸಲಾರೆ. ಕೌಂಟಿ ಚುನಾವಣಾ ಕಚೇರಿಗೆ ಹೋಗಿ ಕೇಳಿ, ವೀಕ್ಷಕರಾಗಿ ನಿಲ್ಲುವುದು ಹೇಗೆ ಎಂದು ಹೇಳುತ್ತಾರೆ. ನಿಮ್ಮಂಥ ಅನುಮಾನ ಇರುವವರು ಒಂದು ಸಲ ಬಂದು ಒಳಗೆ ನಿಂತು ನೋಡಬೇಕು ಎಂಬುದು ನನ್ನ ಆಸೆ.

ಪ್ರಶ್ನೆ: ನಮಗೆ ಇಲ್ಲಿ ಬೆರಳಿಗೆ ಶಾಯಿ ಹಾಕುವುದಿಲ್ಲ ಏಕೆ?
— ಆಸ್ಟಿನ್, ಟೆಕ್ಸಸ್

ಉತ್ತರ: ಸಹಿ ಪುಸ್ತಕದ ಸಹಿಯೇ ಇಲ್ಲಿ ಶಾಯಿ. "ನಾನು ಮತ ಹಾಕಿದೆ" ಎಂಬ ಸ್ಟಿಕ್ಕರ್ ಅಂಗಿಗೆ ಹಚ್ಚಿಕೊಳ್ಳುವುದು ಖುಷಿಗೆ.

ಪ್ರಶ್ನೆ: ಕಳೆದ ವರ್ಷ ಪೌರತ್ವ ಸಿಕ್ಕಿತು, ನನಗೆ ಎಪ್ಪತ್ತೊಂದು. ಇದೇ ಮೊದಲ ಮತ. ಮಗಳು ಪಕ್ಕದ ಸಾಲಿನಲ್ಲಿದ್ದಳು. ದುಂಡಗಿನ ಜಾಗ ಪೂರ್ತಿ ತುಂಬಬೇಕು ಅಂತ ಬರೆದಿದ್ದರೂ ಕೈ ನಡುಗಿ ಎರಡು ಕಡೆ ಟಿಕ್ ಮಾತ್ರ ಹಾಕಿ ಯಂತ್ರಕ್ಕೆ ಕೊಟ್ಟುಬಿಟ್ಟೆ. ಯಂತ್ರ ತೆಗೆದುಕೊಂಡಿತು. ಮಗಳಿಗೆ ಹೇಳಿಲ್ಲ. ಎಣಿಸಿರುತ್ತಾರಾ?
— ಲ್ಯಾನ್ಸ್‌ಡೇಲ್, ಪೆನ್ಸಿಲ್ವೇನಿಯಾ

ಉತ್ತರ: ಅಮ್ಮಾ, ಟಿಕ್ಕಿನ ಗೆರೆ ಆ ದುಂಡಗಿನ ಜಾಗದೊಳಗೆ ಚೆನ್ನಾಗಿ ಹಾದುಹೋಗಿದ್ದರೆ ಯಂತ್ರ ಅದನ್ನು ಸಾಮಾನ್ಯವಾಗಿ ಗುರುತು ಎಂದೇ ಓದುತ್ತದೆ. ಉಳಿದ ಕಡೆ ಪೂರ್ತಿ ತುಂಬಿದ್ದೀರಿ, ಆ ಮತಗಳ ಬಗ್ಗೆ ಅನುಮಾನವೇ ಬೇಡ. ಮಗಳಿಗೆ ಹೇಳಿ, ಅವಳು ಬೈಯುವುದಿಲ್ಲ.

ಮುಂದಿನ ಸಲ ಕೈ ನಡುಗಿದರೆ, ಗೆರೆ ತಪ್ಪಿದರೆ, ಯಂತ್ರಕ್ಕೆ ಕೊಡಬೇಡಿ. ಮೇಜಿಗೆ ತಂದು ಕೊಡಿ, ಹಾಳಾಯಿತು ಎಂದು ಹೇಳಿ. ಅದನ್ನು ರದ್ದು ಮಾಡಿ ಹೊಸದು ಕೊಡುತ್ತೇವೆ. ನಿಮಗೆ ಬೇಕಾದವರನ್ನು, ಮಗಳನ್ನೂ, ಸಹಾಯಕ್ಕೆ ಪಕ್ಕದಲ್ಲಿ ಇಟ್ಟುಕೊಳ್ಳಬಹುದು, ಅದಕ್ಕೊಂದು ಸಣ್ಣ ಫಾರ್ಮು ಇದೆ. 2023ರ ಪ್ರೈಮರಿ, ಅಂದರೆ ಪಕ್ಷಗಳ ಅಭ್ಯರ್ಥಿಗಳನ್ನು ಆರಿಸುವ ಚುನಾವಣೆ, ಮೇ 16ಕ್ಕೆ. ನಮ್ಮ ರಾಜ್ಯದ ಪ್ರೈಮರಿಯಲ್ಲಿ ಒಂದು ಪಕ್ಷಕ್ಕೆ ಹೆಸರು ನೋಂದಾಯಿಸಿದವರಿಗೆ ಮಾತ್ರ ಆ ಪಕ್ಷದ ಅಭ್ಯರ್ಥಿಗಳ ಮತಪತ್ರ ಸಿಗುತ್ತದೆ, ಆದ್ದರಿಂದ ನಿಮ್ಮ ನೋಂದಣಿಯನ್ನು ಏಪ್ರಿಲಿನೊಳಗೆ ಒಮ್ಮೆ ನೋಡಿಕೊಳ್ಳಿ. ಓದುವ ಕನ್ನಡಕ ಮರೆಯದೆ ತನ್ನಿ. ಬೆಳಗ್ಗೆ ಹತ್ತರಿಂದ ಹನ್ನೊಂದರ ನಡುವೆ ಸಾಲು ಕಡಿಮೆ ಇರುತ್ತದೆ.